ಹೆಣ್ಣುಮಕ್ಕಳ ಕೈಯಲ್ಲಿ ಕಾದಂಬರಿ

ನಮ್ಮ ಕಡೆಯ ಮನೆಗಳಲ್ಲಿ ಕಾದಂಬರಿಗಳ ವಿಷಯವಾಗಿ ಒಂದು ತೀರ್ಪು ಬಹುಕಾಲದಿಂದ ನಡೆದು ಬಂದಿರುವುದು. ಮಗಳ ಕೈಯಲ್ಲಿ ರಾಜಮಹಾರಾಜರ ಕಥೆಯಿದ್ದರೆ ತಂದೆತಾಯಿಗಳು ಸಂತೋಷಪಡುವರು. ಈಗಿನ ಕಾಲದ ಸಂಸಾರದ ಕಥೆಯಿದ್ದರೆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಹಿಂದು ಮುಂದು ತಿರುಗಿಸಿ ನೋಡುವರು. ಮೊದಲನೆಯದು ಜ್ಞಾನಾರ್ಜನೆ, ಎರಡನೆಯದು ಕಾಲಹರಣ ಎಂಬುದೇ ಆ ತೀರ್ಪಿನ ತಾತ್ಪರ್ಯ. ಈ ಸ್ಮರಣ ಸಂಚಿಕೆಗಾಗಿ ಇತ್ತೀಚಿನ ಐತಿಹಾಸಿಕ ಮತ್ತು ಸಾಮಾಜಿಕ ಕಾದಂಬರಿಗಳ ವಿಷಯದಲ್ಲಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಮೊದಲು ಈ ತೀರ್ಪನ್ನೇ ಪರೀಕ್ಷಿಸುವುದು ಯುಕ್ತವೆಂದು ನಮಗೆ ತೋರಿತು. ಪೂರ್ವ ವಿದ್ಯಾರ್ಥಿನಿಯರಾದ ಸಹೋದರಿಯರೂ ಪೋಷಕ ಮಹಾಶಯರೂ ಮನ್ನಿಸಬೇಕು. ನಮ್ಮ ಅಭಿಪ್ರಾಯವು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾಗಿರುವುದು.

ಈಗಿನ ಕಾಲದ ಸಂಸಾರವನ್ನು ವರ್ಣಿಸುವ ಕಾದಂಬರಿಯನ್ನು ಹುಡುಗಿಯೊಬ್ಬಳು ಓದಿದಳೆನ್ನಿ. ಅದರಲ್ಲಿ ಬರುವ ಅತ್ತೆ, ಮಾವ, ಚಿಕ್ಕಪ್ಪ, ಸಾಲಗಾರ, ಮೇಷ್ಟರು ಇವರೆಲ್ಲರನ್ನೂ ಆಕೆ ತನ್ನ ಬೀದಿಯಲ್ಲಿ ನೋಡಿದ್ದಾಳೆ. ಲೇಖಕನು ಸುಳ್ಳು ಬರೆದಿದ್ದರೆ ಹತ್ತು ಪುಟದೊಳಗೆ ಆಕೆಗೆ ತಿಳಿದುಹೋಗುವುದು. ಆದರೆ ಇನ್ನೂರು ವರ್ಷಗಳ ಹಿಂದಿನ ರಾಣಿಯು ಹೇಗಿದ್ದಳು, ಏನು ಮಾಡಿದಳು ಎಂದು ಲೇಖಕನು ಹೇಳಿದಾಗ ಆಕೆ ಯಾರನ್ನು ಕೇಳಬೇಕು? ಹೇಳಿದ್ದನ್ನು ನಂಬುವುದೊಂದೇ ಆಕೆಗಿರುವ ದಾರಿ. ಶಾಲೆಯಲ್ಲಿ ಕಲಿತ ಚರಿತ್ರೆಯು ಪರೀಕ್ಷೆ ಮುಗಿದ ಮರುದಿನ ಮರೆತುಹೋಗುವುದು. ಕಾದಂಬರಿಯಲ್ಲಿ ಓದಿದ ಚರಿತ್ರೆಯಾದರೋ ಮುಪ್ಪಿನವರೆಗೂ ಮನಸ್ಸಿನಲ್ಲಿ ನಿಲ್ಲುವುದು. ಆದ್ದರಿಂದ ಪೋಷಕರ ಎಚ್ಚರಿಕೆಯು ಹೆಚ್ಚಾಗಿ ಬೇಕಾದದ್ದು ಐತಿಹಾಸಿಕ ಕಾದಂಬರಿಗೇ. ಓದಬಾರದೆಂದು ನಾವು ಹೇಳುತ್ತಿಲ್ಲ. ಓದಿದ ಮೇಲೆ ಮಗಳೊಡನೆ ಕುಳಿತು ಮಾತನಾಡಬೇಕೆಂದು ಹೇಳುತ್ತಿದ್ದೇವೆ.

ಇದಕ್ಕೆ ನಮ್ಮ ಮಧುಗಿರಿಯ ಬೆಟ್ಟದಿಂದಲೇ ಒಂದು ನಿದರ್ಶನವನ್ನು ಕೊಡಬಹುದು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದನು. ಕೆಳದಿಯ ಅರಸರ ಆ ಸಿರಿವಂತ ರಾಜಧಾನಿಯನ್ನು ಆಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಹೈದರನು ಆಕೆಯನ್ನೂ ಆಕೆಯ ದತ್ತುಪುತ್ರನನ್ನೂ ಸೆರೆಹಿಡಿದು ಕಳುಹಿಸಿದ್ದು ಎಲ್ಲಿಗೆ? ನಮ್ಮ ಮಧುಗಿರಿಯ ದುರ್ಗಕ್ಕೆ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಮಧುಗಿರಿಯನ್ನು ಗೆದ್ದಾಗ ಆಕೆಗೆ ಬಿಡುಗಡೆಯಾಯಿತು. ಆದರೆ ಪುಣೆಯನ್ನು ಸೇರುವುದಕ್ಕೆ ಮೊದಲೇ ದಾರಿಯಲ್ಲಿ ತೀರಿಕೊಂಡಳು. ಮಲೆನಾಡಿನ ಮಳೆಯಲ್ಲಿ ಬೆಳೆದು ಬಾಳಿದ ಹೆಂಗಸು ನಾಲ್ಕು ಬೇಸಗೆಗಳನ್ನು ನಮ್ಮ ಒಂಟಿ ಕಲ್ಲಿನ ಬೆಟ್ಟದ ಮೇಲೆ ಕಳೆದಳು. ಆ ಬೆಟ್ಟದ ನೆರಳಿನಲ್ಲಿ ಶಾಲೆಗೆ ನಡೆದು ಬರುವ ಎಷ್ಟು ಮಂದಿ ಹುಡುಗಿಯರಿಗೆ ಈ ಸಂಗತಿ ತಿಳಿದಿದೆ?

ವೀರಮ್ಮಾಜಿಯನ್ನು ಕನ್ನಡ ಕಾದಂಬರಿಯು ಕಾಣದೆ ಬಿಟ್ಟಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ "ಚೆನ್ನಬಸವನಾಯಕ"ವು ಬಿದನೂರಿನ ಈ ಕೊನೆಯ ದಿನಗಳನ್ನೇ ಕುರಿತದ್ದು. ಸುಮಾರು 1950ರಲ್ಲಿ ಪ್ರಕಟವಾದುದು. ಮಾಸ್ತಿಯವರ ಗಾಂಭೀರ್ಯ, ಯಾರನ್ನೂ ಕಿರಿದು ಮಾಡದ ಅವರ ದೃಷ್ಟಿ, ಆ ಸರಳವಾದ ವಾಕ್ಯಗಳು, ಇವನ್ನು ಮೆಚ್ಚದಿರುವುದು ಸಾಧ್ಯವಿಲ್ಲ. ಆದರೆ ಕಥೆಯ ಭಾರವೆಲ್ಲ ಬೀಳುವುದು ರಾಣಿಯ ಚಾಂಚಲ್ಯದ ಮೇಲೆ. ನಿಂಬಯ್ಯನೆಂಬವನೊಡನೆ ಆಕೆಯ ಸಂಬಂಧ, ಅದರಿಂದ ಮನೆತನದಲ್ಲಿ ಹುಟ್ಟಿದ ಒಡಕು, ಒಡಕಿನಿಂದ ರಾಜ್ಯದ ನಾಶ. ಈ ಆಪಾದನೆ ಮಾಸ್ತಿಯವರು ಹುಟ್ಟಿಸಿದ್ದಲ್ಲ. ಹಿಂದಿನ ಚರಿತ್ರಕಾರರು ಬರೆದಿಟ್ಟದ್ದೇ. ಆದರೂ ನಾವು ಕೇಳುವುದಿಷ್ಟು: ಬಿದನೂರಿನ ಸಂಪತ್ತು ಎಂಥದು, ಅದರ ಮೇಲೆ ಎಷ್ಟು ಕಡೆಯವರ ಕಣ್ಣಿತ್ತು ಎಂಬುದನ್ನು ಬಲ್ಲವರಿಗೆ, ಅದು ಬಿದ್ದುದಕ್ಕೆ ಒಬ್ಬ ಹೆಂಗಸಿನ ನಡತೆಯ ಕಾರಣ ಬೇಕಾಗುವುದೆ? ಗಂಡಸರು ಆಳಿದ ರಾಜ್ಯಗಳು ಸೋತಾಗ ಸೈನ್ಯದ ಲೆಕ್ಕವನ್ನು ಹೇಳುವರು. ಹೆಂಗಸು ಆಳಿದ ರಾಜ್ಯ ಸೋತಾಗ ಅಂತಃಪುರದ ಲೆಕ್ಕವನ್ನು ಹೇಳುವರು. ಸೋತು, ಸೆರೆಯಾಗಿ, ದಾರಿಯಲ್ಲಿ ಸತ್ತವಳ ಪರವಾಗಿ ಮಾತನಾಡುವ ಕಾಗದ ಎಲ್ಲಿಂದ ಬರಬೇಕು? ಕಾದಂಬರಿಕಾರನಿಗೆ ಕೆಲಸವಿರುವುದು ಇಂತಹ ಕಡೆಯಲ್ಲಿಯೇ. ಮಧುಗಿರಿಯ ಆ ನಾಲ್ಕು ವರ್ಷಗಳಲ್ಲಿ ವೀರಮ್ಮಾಜಿಯು ಏನು ಯೋಚಿಸಿದಳು? ಬೆಟ್ಟದ ಕೆಳಗಿನ ಊರಿನ ಹೆಂಗಸರಲ್ಲಿ ಯಾರಾದರೂ ಆಕೆಗೆ ಒಂದು ತುತ್ತು ರೊಟ್ಟಿಯನ್ನೋ ಒಂದು ಒಳ್ಳೆಯ ಮಾತನ್ನೋ ಕೊಟ್ಟರೆ? ಈ ಪುಸ್ತಕವನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಬರೆದರೆ ಅದನ್ನು ಕೊಳ್ಳುವವರಲ್ಲಿ ನಾವೇ ಮೊದಲಿಗರು.

ಶಿರಾದ ವಿಷಯ ಇನ್ನೂ ವಿಚಿತ್ರವಾದುದು. 1687ರಿಂದ 1757ರವರೆಗೆ, ಅಂದರೆ ಎಪ್ಪತ್ತು ವರ್ಷ, ಈ ಊರು ಮೊಗಲ ಸುಬೆಯೊಂದರ ರಾಜಧಾನಿಯಾಗಿತ್ತು. 1696ರ ಜುಮ್ಮಾ ಮಸೀದಿಯೂ ಅದಕ್ಕೆ ಮೊದಲೇ ಕಟ್ಟಿದ ಮಲಿಕ್ ರಿಹಾನನ ಗೋರಿಯೂ ಈಗಲೂ ನಿಂತಿವೆ. ಆದರೆ ಕನ್ನಡದ ಐತಿಹಾಸಿಕ ಕಾದಂಬರಿಯಲ್ಲಿ ಶಿರಾ ಎಂದರೆ ಏನು? ತ.ರಾ.ಸು. ಅವರ ಚಿತ್ರದುರ್ಗದ ಕಾದಂಬರಿಗಳನ್ನು ನಮ್ಮ ಕಡೆ ಓದದ ಮನೆಯಿಲ್ಲ. "ಕಂಬನಿಯ ಕುಯಿಲು", "ರಕ್ತರಾತ್ರಿ", "ತಿರುಗುಬಾಣ" ಇವುಗಳಿಂದ ಮೊದಲಾಗಿ "ದುರ್ಗಾಸ್ತಮಾನ"ದವರೆಗೆ ಒಂದು ಬೆಟ್ಟದ ಕೋಟೆಗೆ ಒಬ್ಬ ಲೇಖಕನು ತನ್ನ ಆಯುಷ್ಯವನ್ನೇ ಧಾರೆಯೆರೆದನು. 1779ರಲ್ಲಿ ದುರ್ಗ ಬಿದ್ದುದನ್ನು ಓದುವಾಗ ಕಣ್ಣು ಒದ್ದೆಯಾಗದವರನ್ನು ನಾವು ಕಾಣೆವು. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ ಅದನ್ನು ಸ್ವೀಕರಿಸಲು ಅವರು ಇರಲಿಲ್ಲ. ಆದರೆ ದುರ್ಗದ ಬುರುಜಿನ ಮೇಲೆ ನಿಂತು ನೋಡಿದರೆ ಶಿರಾ ಯಾವಾಗಲೂ ಶತ್ರು ಬರುವ ದಿಕ್ಕು. ಶಿರಾದಲ್ಲಿಯೂ ಒಲೆಯಿತ್ತು, ಮಗ್ಗವಿತ್ತು, ತೊಟ್ಟಿಲಿತ್ತು. ಟಿಪ್ಪೂ ಸುಲ್ತಾನನು ಶ್ರೀರಂಗಪಟ್ಟಣದ ಹತ್ತಿರ ಗಂಜಾಮನ್ನು ನೆಲೆಗೊಳಿಸುವುದಕ್ಕಾಗಿ ಶಿರಾದಿಂದ ಹನ್ನೆರಡು ಸಾವಿರ ಕುಟುಂಬಗಳನ್ನು ಬಲಾತ್ಕಾರದಿಂದ ಸಾಗಿಸಿದನೆಂದು ಗೆಜೆಟಿಯರಿನಲ್ಲಿ ಬರೆದಿದೆ. ಹನ್ನೆರಡು ಸಾವಿರ ಕುಟುಂಬಗಳು! ಲೆಕ್ಕದಲ್ಲಿ ಅರ್ಧವನ್ನು ಉತ್ಪ್ರೇಕ್ಷೆಯೆಂದು ಕಳೆದರೂ ಗಾಡಿಗಳ ಸಾಲು ಎಷ್ಟು ಉದ್ದವಿರಬೇಕು? ಅದರಲ್ಲಿ ಬಾಣಂತಿಯರೆಷ್ಟು, ಮುದುಕಿಯರೆಷ್ಟು? ಸಾಗಿಸಿದವನೂ ಸುಲ್ತಾನ, ಸಾಗಿಹೋದವರಲ್ಲಿಯೂ ಮುಸಲ್ಮಾನರು ಅನೇಕರಿದ್ದಿರಬೇಕು. ಆದ್ದರಿಂದ ಇದು ಒಂದು ಮತದವರು ಇನ್ನೊಂದು ಮತದವರಿಗೆ ಮಾಡಿದ ಅನ್ಯಾಯವೆಂಬ ಸಿದ್ಧವಾದ ಅಚ್ಚಿಗೆ ಬಗ್ಗದು. ಬಹುಶಃ ಅದಕ್ಕಾಗಿಯೇ ನಾವು ಓದಿದ ಯಾವ ಕಾದಂಬರಿಯಲ್ಲಿಯೂ ಆ ಗಾಡಿಗಳು ಹೊರಟಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಮಿಷನ್ ಶಾಲೆಗಳ ಬೆಂಚಿನ ಮೇಲೆ ಹಿಂದೂ, ಮುಸಲ್ಮಾನ, ಕ್ರೈಸ್ತ ಹುಡುಗಿಯರು ಒಟ್ಟಿಗೆ ಕುಳಿತು ಓದುವರು. ಚರಿತ್ರೆಯ ಕಾದಂಬರಿಯೊಂದನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸುವಾಗ ಪಕ್ಕದ ಹುಡುಗಿಯ ಕೈಯಲ್ಲಿ ಅದು ಹೇಗೆ ತೂಗುವುದೆಂಬುದನ್ನು ಕೊಡುವವಳು ಯೋಚಿಸಬೇಡವೆ? 2025ರಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರ "ಆವರಣ"ವು 2007ರಲ್ಲಿ ಹೊರಬಂದು, ಕೆಲವೇ ತಿಂಗಳಲ್ಲಿ ಹಲವು ಮುದ್ರಣಗಳನ್ನು ಕಂಡಿತು. ಅದನ್ನು ಹೊಗಳಿದವರೂ ತೆಗಳಿದವರೂ ಸಮಾನವಾದ ಆವೇಶದಿಂದ ಬರೆದರು. ಆಧಾರಗ್ರಂಥಗಳ ಪಟ್ಟಿಯನ್ನೇ ಕಥೆಯೊಳಗೆ ಸೇರಿಸಿದ ಪುಸ್ತಕವದು. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಪಟ್ಟಿ ಕೊಟ್ಟ ಮಾತ್ರಕ್ಕೆ ಕಾದಂಬರಿಯು ಚರಿತ್ರೆಯಾಗದು; ಅದರಲ್ಲಿ ಎದುರಾಳಿಗೆ ಬಾಯಿ ಕೊಟ್ಟವನೂ ಲೇಖಕನೇ, ಬಾಯಿ ಮುಚ್ಚಿಸಿದವನೂ ಲೇಖಕನೇ. ವಾದದಲ್ಲಿ ಗೆಲ್ಲುವುದಕ್ಕಾಗಿ ಪಾತ್ರಗಳನ್ನು ಸೃಷ್ಟಿಸಿದಾಗ ಪಾತ್ರಗಳು ಬಡವಾಗುವುವು. ಭೈರಪ್ಪನವರೇ ಬರೆದ "ಗೃಹಭಂಗ"ದ ಪಕ್ಕದಲ್ಲಿ ಇಟ್ಟು ನೋಡಿದವರಿಗೆ ಈ ಬಡತನ ಕಾಣದಿರದು. ಆ ಪುಸ್ತಕದ ಮಾತನ್ನು ಮುಂದೆ ಹೇಳುವೆವು.

ಈಚಿನ ಐತಿಹಾಸಿಕ ಕಾದಂಬರಿಗಳಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಹಿಡಿದುದು ವಸುಧೇಂದ್ರರ "ತೇಜೋ-ತುಂಗಭದ್ರಾ". 2019ರಲ್ಲಿ ಪ್ರಕಟವಾಯಿತು. ತೇಜೋ ಎಂಬುದು ಪೋರ್ಚುಗಲ್ಲಿನ ಲಿಸ್ಬನ್ ಪಟ್ಟಣದ ನದಿ, ತುಂಗಭದ್ರೆಯನ್ನು ಹೇಳಬೇಕಾಗಿಲ್ಲ. ಕೃಷ್ಣದೇವರಾಯನ ಕಾಲದ ಕಥೆಯಾದರೂ ರಾಯನು ಇಲ್ಲಿ ದೂರದ ದೀಪದಂತೆ ಕಾಣುವನೇ ಹೊರತು ಕಥೆ ಅವನದಲ್ಲ. ಲಿಸ್ಬನ್ನಿನ ಬಡ ಕ್ರೈಸ್ತ ಯುವಕ ಗೇಬ್ರಿಯಲ್, ಅವನು ಪ್ರೀತಿಸಿದ ಯೆಹೂದಿ ವರ್ತಕನ ಮಗಳು ಬೆಲ್ಲಾ, ತುಂಗಭದ್ರೆಯ ದಡದ ತೆಂಬಕಪುರದ ಹಂಪಮ್ಮ, ಇಂತಹ ಜನರದು. ಮೆಣಸಿನ ವ್ಯಾಪಾರ, ಹಡಗಿನ ಪ್ರಯಾಣದ ಹಸಿವು ರೋಗಗಳು, ಒಡೆಯನಿಗಾಗಿ ಪ್ರಾಣ ಕೊಡುವ ವಚನಕ್ಕೆ ಕಟ್ಟುಬಿದ್ದ ಲೆಂಕರು ಇವೆಲ್ಲವನ್ನೂ ಲೇಖಕರು ಶ್ರಮಪಟ್ಟು ಕೂಡಿಸಿದ್ದಾರೆ. ಶ್ರಮ ಕೆಲವೆಡೆ ಎದ್ದು ಕಾಣುವುದೂ ಉಂಟು. ಸಂಗ್ರಹಿಸಿದ ಮಾಹಿತಿಯನ್ನು ಬಿಡಲಾರದೆ ಕಥೆಯನ್ನು ನಿಲ್ಲಿಸಿ ನಮಗೆ ತೋರಿಸುತ್ತಾರೆ. ಆದರೆ ಸಹಗಮನದ ಚಿತೆಯ ಭಯವು ಒಬ್ಬ ಹೆಂಗಸಿನ ದಿನಗಳನ್ನು ಹೇಗೆ ಸುತ್ತಿಕೊಳ್ಳುವುದೆಂಬ ಭಾಗವನ್ನು ಓದಿದವರು ಅದನ್ನು ಬೇಗ ಮರೆಯಲಾರರು.

ಈ ಭಾಗವನ್ನು ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗಿಯರು ಓದಲೇಬೇಕೆಂದು ನಾವು ಹೇಳುವುದಕ್ಕೆ ಕಾರಣವಿದೆ. ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯ ಹೆಸರು ಒಬ್ಬ ಹೆಂಗಸಿನಿಂದ ಬಂದುದೆಂದು ಹಿರಿಯರು ಹೇಳುವರು. ಹಿಮ್ಮಡಿಯನ್ನು ಮುಟ್ಟುವಷ್ಟು ನೀಳವಾದ ಕೂದಲು ಆಕೆಗಿತ್ತಂತೆ. ಗಂಡನ ಚಿತೆಯನ್ನು ಏರಿದಳಂತೆ. ಕೂದಲಿನ ನೆನಪು ಊರಿನ ಹೆಸರಾಯಿತು, ಬೆಂಕಿಯ ನೆನಪು ಪೂಜೆಗೆ ಸಂದಿತು, ಆಕೆಯ ಮನಸ್ಸಿನ ನೆನಪು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ನಮ್ಮ ಸೀಮೆಯಲ್ಲಿ ಹೊಲದ ಬದುಗಳ ಮೇಲೆ, ಕೆರೆ ಏರಿಯ ಕೆಳಗೆ ಮಾಸ್ತಿಕಲ್ಲುಗಳು ಅಲ್ಲಲ್ಲಿ ನಿಂತಿರುವುವು. ಎತ್ತಿದ ಒಂದು ಕೈ, ಬಳೆ, ಸೂರ್ಯಚಂದ್ರರು. ಹಬ್ಬದ ದಿನ ಅರಿಸಿನ ಕುಂಕುಮವನ್ನು ಹಚ್ಚಿ ಬರುತ್ತೇವೆ. ಆ ಕೈಯ ಹಿಂದೆ ಒಂದು ಮುಖವಿತ್ತು ಎಂಬುದನ್ನು ಹಂಪಮ್ಮನು ನೆನಪಿಗೆ ತರುವಳು. ಐತಿಹಾಸಿಕ ಕಾದಂಬರಿಯಿಂದ ನಾವು ಬೇಡುವುದು ಇದನ್ನೇ.

ಅದೇ ಪುಸ್ತಕದಲ್ಲಿ ಶಿಲುಬೆಯ ಹೆಸರನ್ನು ಹೇಳಿಕೊಂಡು ಪೋರ್ಚುಗೀಸರು ಯೆಹೂದ್ಯರಿಗೂ ಗೋವೆಯ ಜನರಿಗೂ ಕೊಟ್ಟ ಹಿಂಸೆಯ ವರ್ಣನೆಯೂ ಇದೆ. ಮಿಷನ್ ಶಾಲೆಯೊಂದರ ಪುಸ್ತಕಭಂಡಾರದಲ್ಲಿ ಇದನ್ನು ಇಡುವುದು ಸರಿಯೆ ಎಂದು ಕೆಲವರು ಸಂಕೋಚಪಡಬಹುದು. ಸರಿಯೆಂದೇ ನಮ್ಮ ದೃಢವಾದ ಅಭಿಪ್ರಾಯ. 1497ರಲ್ಲಿ ಪೋರ್ಚುಗಲ್ಲಿನ ಯೆಹೂದ್ಯರನ್ನು ಬಲವಂತದಿಂದ ಮತಾಂತರಿಸಿದುದೂ, 1506ರಲ್ಲಿ ಲಿಸ್ಬನ್ನಿನಲ್ಲಿ ಅವರ ಹತ್ಯೆಯಾದುದೂ ನಡೆದ ಸಂಗತಿಗಳು. ಪರರ ಮತದ ದೋಷಗಳಿರುವ ಪುಸ್ತಕವನ್ನು ಮುಂದಿನ ಸಾಲಿನಲ್ಲಿಟ್ಟು, ನಮ್ಮ ಮತದ ದೋಷಗಳಿರುವುದನ್ನು ಬೀರುವಿನ ಹಿಂದೆ ಇಡುವುದನ್ನು ಮಕ್ಕಳು ಕಂಡುಹಿಡಿಯದಿರಲಾರರು. ವಸುಧೇಂದ್ರರು ಯಾವ ಕಡೆಯವರನ್ನೂ ಬಿಟ್ಟಿಲ್ಲ. ವಿಜಯನಗರದ ಕ್ರೌರ್ಯವನ್ನೂ ಅಷ್ಟೇ ನಿರ್ದಾಕ್ಷಿಣ್ಯದಿಂದ ತೋರಿಸಿದ್ದಾರೆ. ಅವರೇ 2022ರಲ್ಲಿ ಪ್ರಕಟಿಸಿದ "ರೇಷ್ಮೆ ಬಟ್ಟೆ"ಯು ಚೀನಾ ಮತ್ತು ಮಧ್ಯ ಏಷ್ಯಾದ ಪ್ರಾಚೀನ ವರ್ತಕರ ಮಾರ್ಗವನ್ನು ಕುರಿತುದು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬೆಳೆದ ನಮ್ಮ ಹಳ್ಳಿಯ ಮಕ್ಕಳಿಗೆ ಅದರ ವಿಷಯ ರುಚಿಸಬಹುದು, ಆದರೆ ಮೊದಲಿನದರ ಬಿಗಿ ಅದರಲ್ಲಿ ನಮಗೆ ಕಾಣಲಿಲ್ಲ.

ಪಾವಗಡದ ಕಡೆಯವರಿಗೆ ಕುಂ. ವೀರಭದ್ರಪ್ಪನವರ "ಅರಮನೆ"ಯನ್ನು ಸೂಚಿಸುವೆವು. ಮೂರು ಕಡೆ ಆಂಧ್ರದ ನೆಲವಿರುವ ಆ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ. ಥಾಮಸ್ ಮನ್ರೋ ಸಾಹೇಬನ ಕಾಲದ ಬಳ್ಳಾರಿ ಸೀಮೆಯ ಬಡವರ ಮಾತನ್ನು ಆ ಕಾದಂಬರಿ ಹಿಡಿದಿದೆ. 2007ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಇದಕ್ಕೆ ದೊರೆಯಿತು. ಓದುವುದು ಸುಲಭವಲ್ಲ, ವಾಕ್ಯಗಳು ಸಂತೆಯ ಜನಜಂಗುಳಿಯಂತೆ ನುಗ್ಗಿ ಬರುವುವು. ಗಟ್ಟಿಯಾಗಿ ಓದಿದರೆ ದಾರಿ ಸಿಗುವುದು.

ಇನ್ನು ಸಾಮಾಜಿಕ ಕಾದಂಬರಿಗಳು. ಈ ಜಾತಿಯ ಪುಸ್ತಕವನ್ನು ಹುಡುಗಿಯರಿಂದ ದೂರವಿಡಬೇಕೆನ್ನುವವರು ಒಂದು ಸಂಗತಿಯನ್ನು ನೆನೆಯಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ಗುಲ್ವಾಡಿ ವೆಂಕಟರಾಯರ "ಇಂದಿರಾಬಾಯಿ"ಯು 1899ರಲ್ಲಿ ಅಚ್ಚಾದುದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅದರ ವಸ್ತುವೇ ವಿಧವೆಯೊಬ್ಬಳ ವಿದ್ಯಾಭ್ಯಾಸ ಮತ್ತು ಪುನರ್ವಿವಾಹ. ಹೆಣ್ಣುಮಗಳ ಓದು ಮತ್ತು ಈ ಜಾತಿಯ ಕಾದಂಬರಿ, ಇವೆರಡೂ ಕನ್ನಡದಲ್ಲಿ ಒಂದೇ ತೊಟ್ಟಿಲಲ್ಲಿ ಬೆಳೆದ ಮಕ್ಕಳು. ಮುಂದೆ ತ್ರಿವೇಣಿಯವರ "ಶರಪಂಜರ"ವು ಬಾಣಂತಿಯಾದ ಮೇಲೆ ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡು ಗುಣವಾಗಿ ಬಂದ ಹೆಂಗಸನ್ನು ಮನೆಯವರೇ ಹೇಗೆ ಮತ್ತೆ ಹುಚ್ಚಿಗೆ ನೂಕುವರೆಂಬುದನ್ನು ತೋರಿಸಿದಾಗ, ಇಂತಹುದನ್ನೆಲ್ಲ ಅಡುಗೆಮನೆ ಸಾಹಿತ್ಯವೆಂದು ಕೆಲವರು ಹಳಿದರು. ಅಡುಗೆಮನೆಯಲ್ಲಿ ನಡೆಯುವುದು ಸಾಹಿತ್ಯಕ್ಕೆ ತಕ್ಕುದಲ್ಲ, ರಣರಂಗದಲ್ಲಿ ನಡೆಯುವುದು ತಕ್ಕುದು ಎಂಬ ಮಾತಿನಲ್ಲಿ ನಮಗೆ ಅರ್ಥ ಕಾಣದು. ಒನಕೆಯ ಓಬವ್ವನು ಹೋರಾಡಿದುದು ಅಡುಗೆಮನೆಯ ಆಯುಧದಿಂದಲೇ ಅಲ್ಲವೆ? ಪ್ರಾಸಂಗಿಕವಾಗಿ ಹೇಳುವೆವು: ಆ ಓಬವ್ವನನ್ನು ನಾಡಿನ ಮನೆಮನೆಗೂ ಮುಟ್ಟಿಸಿದುದು 1972ರ "ನಾಗರಹಾವು" ಚಲನಚಿತ್ರ, ಅದು ಹುಟ್ಟಿದುದು ತ.ರಾ.ಸು. ಅವರ ದುರ್ಗದ ಚರಿತ್ರೆಯ ಕಾದಂಬರಿಗಳಿಂದಲ್ಲ, ಅವರು ಬರೆದ ಸಾಮಾಜಿಕ ಕಾದಂಬರಿಗಳಿಂದ.

"ಗೃಹಭಂಗ"ವು 1970ರಲ್ಲಿ ಪ್ರಕಟವಾಯಿತು. ನಮ್ಮ ತುಮಕೂರು ಜಿಲ್ಲೆಯ ತಿಪಟೂರು ಕಡೆಯ ಹಳ್ಳಿಗಳ ಕಥೆ. ನಂಜಮ್ಮನೆಂಬ ಗೃಹಿಣಿ ಕೈಲಾಗದ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯುವಳು, ಮುತ್ತುಗದ ಎಲೆಯನ್ನು ಹಚ್ಚಿ ಮಾರುವಳು, ಮಕ್ಕಳನ್ನು ಓದಿಸಬೇಕೆಂದು ಹೆಣಗುವಳು. ಪ್ಲೇಗು ಆಕೆಯ ಮಕ್ಕಳನ್ನೂ ಕೊನೆಗೆ ಆಕೆಯನ್ನೂ ಒಯ್ಯುವುದು. ಲೇಖಕರು ಇದನ್ನು ಐತಿಹಾಸಿಕ ಕಾದಂಬರಿಯೆಂದು ಬರೆಯಲಿಲ್ಲ. ಆದರೆ ಈಗಿನ ಹುಡುಗಿಗೆ ಇದು ಚರಿತ್ರೆಯೇ ಸರಿ. ಪ್ಲೇಗು ಬಂದಾಗ ಊರನ್ನೇ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದುದನ್ನು ಆಕೆಗೆ ಹೇಳಬಲ್ಲ ಮುತ್ತಜ್ಜಿಯರು ಈಗ ಉಳಿದಿಲ್ಲ. ಯಾವ ರಾಜನೂ ಬರದ, ಯಾವ ಕೋಟೆಯೂ ಬೀಳದ ಈ ಪುಸ್ತಕವನ್ನು ಓದಿದವಳು ಮೈಸೂರು ಸಂಸ್ಥಾನದ ಹಳ್ಳಿಗಳು ಹೇಗಿದ್ದುವೆಂಬುದನ್ನು ಹತ್ತು ಪಠ್ಯಪುಸ್ತಕಗಳಿಗಿಂತ ಚೆನ್ನಾಗಿ ತಿಳಿಯುವಳು. ಒಂದು ಆಕ್ಷೇಪವೂ ಉಂಟು: ನಂಜಮ್ಮನ ಮೇಲೆ ಲೇಖಕರು ಹೇರಿದ ದುಃಖಕ್ಕೆ ಮಿತಿಯೇ ಇಲ್ಲ.

ಸಾರಾ ಅಬೂಬಕ್ಕರರ "ಚಂದ್ರಗಿರಿಯ ತೀರದಲ್ಲಿ" ಕಾಸರಗೋಡಿನ ಕಡೆಯ ಕಥೆಯಾದರೂ ಶಿರಾದ ಸಹೋದರಿಯರಿಗೆ ಅದನ್ನು ಮುಖ್ಯವಾಗಿ ಹೇಳಬೇಕೆನ್ನಿಸುವುದು. ನಾದಿರಾ ಎಂಬ ಹುಡುಗಿಯ ಬಾಳು ತಂದೆಯ ಹಟ, ಮೂರು ಸಲ ನುಡಿದ ತಲಾಖು, ಇವುಗಳ ನಡುವೆ ನುಗ್ಗಾಗುವ ಈ ಕಥೆಯನ್ನು ಆ ಸಮಾಜದ ಒಳಗಿನ ಹೆಣ್ಣುಮಗಳೇ ಬರೆದಳು. ಹೊರಗಿನವರು ತೋರಿಸುವ ಕನಿಕರಕ್ಕೂ ಒಳಗಿನವಳು ಕೇಳುವ ನ್ಯಾಯಕ್ಕೂ ಇರುವ ಅಂತರವನ್ನು ತಿಳಿಯಬೇಕಾದವರು ಇದನ್ನು ಓದಬೇಕು.

ನಮ್ಮ ನಾಲ್ಕು ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂಬ ಒಂದೇ ಹೆಸರಿನಡಿ ಸೇರಿವೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನ ಆ ಹೆಸರನ್ನು ಪತ್ರಿಕೆಯಲ್ಲಿ ಹುಡುಕುತ್ತೇವೆ. ಕಾದಂಬರಿಯಲ್ಲಿ ಹುಡುಕಿದರೆ ಸಿಗುವುದು ಕಡಮೆ. ಶಿರಾ ತಾಲ್ಲೂಕಿನ ಬರಗೂರಿನಿಂದ ಹೊರಟ ಬರಗೂರು ರಾಮಚಂದ್ರಪ್ಪನವರು ಈ ಸೀಮೆಯ ಬಿಸಿಲನ್ನು ಕಥೆ, ಕಾದಂಬರಿ, ಚಲನಚಿತ್ರಗಳಿಗೆ ಒಯ್ದರು. ಅವರ ಹಿಂದೆ ಇನ್ನೂ ಹತ್ತು ಮಂದಿ ಬರಬೇಕಾಗಿತ್ತು. ವಸ್ತುವಿಗೆ ಕೊರತೆಯಿಲ್ಲ. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು ಹದಿಮೂರು ಸಾವಿರ ಎಕರೆ ಭೂಮಿಯನ್ನು ರೈತರು ಸೂರ್ಯಶಕ್ತಿಯ ಘಟಕಗಳಿಗೆ ಗುತ್ತಿಗೆಗೆ ಕೊಟ್ಟರು. 2018ರಲ್ಲಿ ಅಲ್ಲಿ ವಿದ್ಯುತ್ತಿನ ಉತ್ಪಾದನೆ ಪ್ರಾರಂಭವಾಯಿತು. ಹೊಲವಿದ್ದವನಿಗೆ ವರ್ಷವರ್ಷವೂ ಬಾಡಿಗೆ ಬರುವುದು. ಆ ಹೊಲದಲ್ಲಿ ಕಡಲೆಕಾಯಿ ಕಿತ್ತು ಕೂಲಿ ಪಡೆಯುತ್ತಿದ್ದವಳಿಗೆ? ಕುರಿ ಮೇಯಿಸುತ್ತಿದ್ದವನಿಗೆ? ಮಳೆ ಬಾರದೆ ಊರು ಬಿಟ್ಟು ಹೋಗುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆಯಾದುದು ಕಾದಂಬರಿಗೆ ಸಾಲದ ವಸ್ತುವೆ?

ಊರು ಬಿಟ್ಟವರು ಬೆಂಗಳೂರಿನಲ್ಲಿ ಏನಾದರೆಂಬುದಕ್ಕೆ ವಿವೇಕ ಶಾನಭಾಗರ ಎರಡು ಪುಸ್ತಕಗಳಿವೆ. 2013ರ "ಘಾಚರ್ ಘೋಚರ್" ನೂರು ಚಿಲ್ಲರೆ ಪುಟಗಳದು. ಕಷ್ಟದಲ್ಲಿ ಒಟ್ಟಾಗಿದ್ದ ಕುಟುಂಬವೊಂದಕ್ಕೆ ಮಸಾಲೆ ಪುಡಿಯ ವ್ಯಾಪಾರದಿಂದ ಹಠಾತ್ತಾಗಿ ಹಣ ಬರುವುದು. ಆ ಹಣವನ್ನು ಕಾಯುವುದಕ್ಕಾಗಿ ಮನೆಯವರು ಯಾವ ಮಟ್ಟಕ್ಕೆ ಇಳಿಯಬಲ್ಲರೆಂಬುದನ್ನು ಲೇಖಕರು ದನಿಯೆತ್ತದೆ ಹೇಳುವರು. ಇಂಗ್ಲಿಷಿಗೆ ಅನುವಾದವಾಗಿ ಹೊರದೇಶಗಳಲ್ಲಿಯೂ ಮನ್ನಣೆ ಪಡೆಯಿತು. ಮಗಳಿಗೆ ವರನನ್ನು ಹುಡುಕುತ್ತಿರುವ ಮನೆಗಳಲ್ಲಿ ಇದನ್ನು ಮಗಳೂ ತಾಯಿಯೂ ಇಬ್ಬರೂ ಓದಲಿ.

ಎರಡನೆಯದು 2021ರ "ಸಕೀನಾಳ ಮುತ್ತು". ಅದನ್ನು ಮಾತ್ರ ನಾವು ಹುಡುಗಿಯರಿಗಲ್ಲ, ಅವರ ತಂದೆಯರಿಗೆ ಶಿಫಾರಸು ಮಾಡುವೆವು. ತಾನು ಉದಾರಿ, ಸಮಾಧಾನಿ, ಕಾಲಕ್ಕೆ ತಕ್ಕವನೆಂದು ನಂಬಿದ ಒಬ್ಬ ಗೃಹಸ್ಥನ ಮನೆಬಾಗಿಲಿಗೆ ಅಪರಿಚಿತ ಹುಡುಗರು ಬಂದು ಅವನ ಮಗಳನ್ನು ಕೇಳುವರು. ಮಗಳು ಎಲ್ಲಿದ್ದಾಳೆ, ಯಾರೊಡನೆ ಮಾತನಾಡುತ್ತಾಳೆ, ಏನನ್ನು ಓದಿ ಏನನ್ನು ನಂಬಿದ್ದಾಳೆ ಎಂಬುದೊಂದೂ ತನಗೆ ತಿಳಿಯದೆಂಬುದು ಅವನಿಗೆ ಅರಿವಾಗುತ್ತ ಹೋಗುವುದು. ಪುಸ್ತಕ ದೊಡ್ಡದಲ್ಲ. ಮಧುಗಿರಿಯಿಂದ ಬೆಂಗಳೂರಿಗೆ ಹೋಗಿಬರುವ ಬಸ್ಸಿನಲ್ಲಿ, ಕುಳಿತುಕೊಳ್ಳಲು ಜಾಗ ಸಿಕ್ಕಿದರೆ, ಬಹುಪಾಲು ಮುಗಿಯುವುದು.